ಓಟಗಾರ್ತಿ ಮಾಡಿದ ತಪ್ಪು ಯಾವುದು?

2021ರ ಜೂನ್ ತಿಂಗಳಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿ ಆ ದೇಶದ ಒಲಿಂಪಿಕ್ ಆಯ್ಕೆ ಸ್ಪರ್ಧೆಗಳು ನಡೆದುವು. ಮಹಿಳೆಯರ 100 ಮೀಟರ್ ಓಟವನ್ನು ಶಕಾರಿ ರಿಚರ್ಡ್‌ಸನ್ ಎಂಬ 21ರ ಹರೆಯದ ಯುವತಿ 10.86 ಸೆಕೆಂಡುಗಳಲ್ಲಿ ಓಡಿ ಗೆದ್ದಳು. ಗೆದ್ದ ಮೇಲೆ ಪ್ರೇಕ್ಷಕರ ಸಾಲಿನತ್ತ ಓಡಿ ಹೋಗಿ, ತನ್ನನ್ನು ಸಾಕಿ ಬೆಳೆಸಿದ ಅಜ್ಜಿಯನ್ನು ಅಪ್ಪಿಕೊಂಡಳು. ಟೋಕಿಯೋದಲ್ಲಿ ಆಕೆ ಚಿನ್ನದ ಪದಕಕ್ಕೆ ಪ್ರಬಲ ಸ್ಪರ್ಧಿ ಎಂದು ಕ್ರೀಡಾ ಜಗತ್ತು ಮಾತಾಡಿಕೊಂಡಿತು. ಎರಡು ವಾರ ತುಂಬುವುದರೊಳಗೆ ಬೇರೊಂದು ಸುದ್ದಿ ಬಂತು. ಆಕೆಯ ಮೂತ್ರ ಪರೀಕ್ಷೆಯಲ್ಲಿ ಗಾಂಜಾದ ಅಂಶ ಪತ್ತೆಯಾಗಿತ್ತು. ಗೆಲುವು ರದ್ದಾಯಿತು. ಒಂದು ತಿಂಗಳ ನಿಷೇಧ ಬಿತ್ತು. ಟೋಕಿಯೋದ ಬಾಗಿಲು ಮುಚ್ಚಿತು.

ಕಾರಣವನ್ನು ಆಕೆಯೇ ಬಹಿರಂಗವಾಗಿ ಹೇಳಿದಳು. ಆಕೆಯ ಹೆತ್ತ ತಾಯಿ ತೀರಿಕೊಂಡಿದ್ದಳು. ಆ ಮರಣವಾರ್ತೆಯನ್ನು ಆಕೆಗೆ ಮುಟ್ಟಿಸಿದ್ದು ಬಂಧುಗಳಲ್ಲ. ಸಂದರ್ಶನಕ್ಕೆ ಬಂದಿದ್ದ ಅಪರಿಚಿತ ವರದಿಗಾರರೊಬ್ಬರು, ಪ್ರಶ್ನೆ ಕೇಳುತ್ತಾ ಕೇಳುತ್ತಾ. ಆ ದುಃಖವನ್ನು ತಾಳಲಾರದೆ ಗಾಂಜಾ ಸೇದಿದೆ ಎಂದಳು. ಆದರೆ ಅದನ್ನು ನೆಪವಾಗಿ ಮುಂದಿಡಲಿಲ್ಲ. ನಿಯಮ ತನಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದೆ, ಹೊಣೆ ನನ್ನದೇ ಎಂದು ಒಪ್ಪಿಕೊಂಡಳು. ನಮ್ಮ ಕಾಲದ ಕ್ರೀಡಾಳುಗಳಿಂದ ಇಷ್ಟು ನೇರವಾದ ಮಾತು ಕೇಳಿ ಬರುವುದು ಅಪರೂಪ.

ಆ ಬಳಿಕ ನಡೆದ ವಾಗ್ವಾದದಲ್ಲಿ ಎರಡು ಪಕ್ಷಗಳಾದುವು. ನಿಯಮ ಎಂದರೆ ನಿಯಮ, ಮುರಿದವಳು ಅನುಭವಿಸಲಿ ಎಂದಿತು ಒಂದು ಪಕ್ಷ. ಗಾಂಜಾ ಸೇದಿ ಯಾರಾದರೂ ಹೆಚ್ಚು ವೇಗವಾಗಿ ಓಡಿದ್ದುಂಟೇ, ಓರೆಗಾನ್‌ನಲ್ಲಿ 2015ರಿಂದ 21 ವರ್ಷ ತುಂಬಿದವರಿಗೆ ಅದು ಕಾನೂನುಬದ್ಧವಾಗಿರುವಾಗ ಅಪರಾಧವೆಲ್ಲಿಂದ ಬಂತು ಎಂದು ಕೇಳಿತು ಇನ್ನೊಂದು. ಎರಡೂ ಪಕ್ಷಗಳು ಬಹಳ ಮಾತಾಡಿದುವು. ಆದರೆ ಇಬ್ಬರೂ ಒಂದು ಪ್ರಶ್ನೆಯನ್ನು ಹಾರಿಸಿ ಮುಂದೆ ಹೋದರು. ಆಕೆ ಮಾಡಿದ ತಪ್ಪು ನಿಜವಾಗಿ ಯಾವುದು? ಅದು ಯಾರ ವಿರುದ್ಧ ಮಾಡಿದ ತಪ್ಪು?

ಈ ಪ್ರಶ್ನೆಗೆ ಬರುವ ಮೊದಲು ನಿಯಮ ಏನು ಹೇಳುತ್ತದೆಂದು ನೋಡಬೇಕು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ 'ವಾಡಾ', 1999ರಲ್ಲಿ ಸ್ಥಾಪನೆಯಾಯಿತು. ಯಾವುದೇ ವಸ್ತುವನ್ನು ನಿಷೇಧದ ಪಟ್ಟಿಗೆ ಸೇರಿಸಲು ಅದು ಮೂರು ಮಾನದಂಡಗಳನ್ನು ಇಟ್ಟುಕೊಂಡಿದೆ: ಆ ವಸ್ತು ಕ್ರೀಡಾ ಸಾಮರ್ಥ್ಯವನ್ನು ಹೆಚ್ಚಿಸಬಲ್ಲದೇ, ಆರೋಗ್ಯಕ್ಕೆ ಅಪಾಯಕಾರಿಯೇ, ಕ್ರೀಡೆಯ ಆದರ್ಶಕ್ಕೆ ವಿರುದ್ಧವೇ. ಮೂರರಲ್ಲಿ ಎರಡು ಅನ್ವಯಿಸಿದರೆ ಸಾಕು. ಗಾಂಜಾದ ಅಮಲಿನ ಅಂಶವಾದ ಟಿ.ಎಚ್.ಸಿ.ಯನ್ನು ಈ ಸಂಸ್ಥೆ ರಿಚರ್ಡ್‌ಸನ್ ಪ್ರಕರಣದ ನಂತರ ಮತ್ತೊಮ್ಮೆ ಪರಿಶೀಲನೆಗೆ ಒಡ್ಡಿತು. 2022ರ ಸೆಪ್ಟೆಂಬರ್‌ನಲ್ಲಿ ಪಟ್ಟಿಯಲ್ಲೇ ಉಳಿಸಿಕೊಂಡಿತು. ಗಾಂಜಾದಿಂದ ದೇಹಬಲ ಹೆಚ್ಚುತ್ತದೆಂಬುದಕ್ಕೆ ಪುರಾವೆ ಇಲ್ಲವೆಂದು ಅದರ ತಜ್ಞರೇ ಒಪ್ಪಿದರು. ಮನಸ್ಸಿನ ಮೇಲಿನ ಪರಿಣಾಮದಿಂದ ಏನಾದರೂ ಲಾಭವಿರಬಹುದೆಂಬ ಸಂಶಯವನ್ನು ಮಾತ್ರ ತಳ್ಳಿ ಹಾಕಲಿಲ್ಲ. ಹೀಗೆ ನಿಷೇಧ ನಿಂತಿರುವುದು ಆರೋಗ್ಯ ಮತ್ತು ಆದರ್ಶ ಎಂಬ ಉಳಿದೆರಡು ಕಂಬಗಳ ಮೇಲೆ.

ದೇಹದ ಮಟ್ಟಿಗೆ ತಜ್ಞರ ಮಾತು ಸರಿಯೇ. ಗಾಂಜಾ ಹೃದಯದ ಬಡಿತವನ್ನು ಏರಿಸುತ್ತದೆ, ಕೈಕಾಲುಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ, ಕಣ್ಣು ಕಂಡದ್ದಕ್ಕೆ ದೇಹ ಸ್ಪಂದಿಸುವ ವೇಗವನ್ನು ತಗ್ಗಿಸುತ್ತದೆ. ಗುಂಡಿನ ಸದ್ದು ಕೇಳಿದೊಡನೆ ಚಿಮ್ಮಬೇಕಾದ ಓಟಗಾರ್ತಿಗೆ ಇದರಿಂದ ನಷ್ಟವೇ ಹೊರತು ಲಾಭವಿಲ್ಲ. ಹಾಗಾದರೆ ಕ್ರೀಡಾಳುಗಳು ಅದನ್ನೇಕೆ ಸೇದುತ್ತಾರೆ? ಗೆಲ್ಲಲೆಂದಲ್ಲ. ಸ್ಪರ್ಧೆಯ ಮುನ್ನಾ ರಾತ್ರಿ ನಿದ್ದೆ ಬಾರದಿರುವುದಕ್ಕೆ, ಮೊಣಕಾಲಿನ ಹಳೆಯ ನೋವಿಗೆ, ಸೋಲಿನ ಭಯಕ್ಕೆ, ಗೆದ್ದ ಮೇಲೆ ಆವರಿಸುವ ಶೂನ್ಯಕ್ಕೆ, ಗೆಳೆಯರ ಒತ್ತಾಯಕ್ಕೆ. ಒಟ್ಟಿನಲ್ಲಿ ಸಾಮಾನ್ಯ ಮನುಷ್ಯ ಅಮಲಿನ ಮೊರೆ ಹೋಗುವ ಕಾರಣಗಳೇ ಅವರದೂ ಆಗಿವೆ.

ಇಸ್ಲಾಮೀ ಚಿಂತನೆಯಲ್ಲಿ ತಪ್ಪುಗಳನ್ನು ಎರಡಾಗಿ ನೋಡುವ ಹಳೆಯ ಪದ್ಧತಿಯೊಂದಿದೆ. ಅಲ್ಲಾಹನ ಹಕ್ಕಿಗೆ ಸಂಬಂಧಿಸಿದವು ಒಂದು ಬಗೆ, ದಾಸರ ಹಕ್ಕಿಗೆ ಅಂದರೆ ಸಹಮಾನವರ ಹಕ್ಕಿಗೆ ಸಂಬಂಧಿಸಿದವು ಇನ್ನೊಂದು ಬಗೆ. ಮೊದಲನೆಯದರಲ್ಲಿ ಮನುಷ್ಯ ತನ್ನ ಮೇಲೆಯೇ ಅನ್ಯಾಯ ಮಾಡಿಕೊಳ್ಳುತ್ತಾನೆ. ಪಶ್ಚಾತ್ತಾಪದ ಬಾಗಿಲು ತೆರೆದೇ ಇದೆ. ಎರಡನೆಯದರಲ್ಲಿ ಬರಿಯ ಪಶ್ಚಾತ್ತಾಪ ಸಾಲದು. ಕಸಿದುಕೊಂಡದ್ದನ್ನು ಹಿಂತಿರುಗಿಸಬೇಕು, ಹಕ್ಕುದಾರ ಕ್ಷಮಿಸಬೇಕು. ಉದ್ದೀಪನ ಮದ್ದಿನ ಪಟ್ಟಿಯನ್ನು ಈ ಬೆಳಕಿನಲ್ಲಿ ಓದಿದರೆ ಒಂದು ಗೊಂದಲ ತಟ್ಟನೆ ಕಣ್ಣಿಗೆ ಬೀಳುತ್ತದೆ. 1988ರಲ್ಲಿ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ ಸ್ಟೆರಾಯ್ಡ್ ಬಳಸಿ 9.79 ಸೆಕೆಂಡುಗಳಲ್ಲಿ 100 ಮೀಟರ್ ಓಡಿದಾಗ ಪಕ್ಕದ ಸಾಲುಗಳಲ್ಲಿ ಓಡಿದವರ ಹಕ್ಕನ್ನು ಕಸಿದ. ಅದು ತಕ್ಕಡಿಯಲ್ಲಿ ಮೋಸ ಮಾಡುವ ವ್ಯಾಪಾರಿಯ ಕೆಲಸಕ್ಕೆ ಸಮ. ಗಾಂಜಾ ಸೇದಿ ಓಡಿದವಳು ಪಕ್ಕದವಳಿಂದ ಏನನ್ನು ಕಸಿದಳು? ಯೂಜೀನ್‌ನಲ್ಲಿ ಆಕೆಯ ಫಲಿತಾಂಶ ಅಳಿಸಿದ್ದರಿಂದ ನಾಲ್ಕನೆಯವಳಾಗಿ ಓಡಿದ್ದ ಹುಡುಗಿಗೆ 100 ಮೀಟರ್ ಓಟದ ಅವಕಾಶ ದೊರೆಯಿತು ನಿಜ. ಆದರೆ ಆ ಅವಕಾಶವನ್ನು ಯಾರೂ ಅವಳಿಂದ ಮೊದಲು ಕದ್ದಿರಲಿಲ್ಲ.

ಹೀಗಿರುವಾಗ ಇಬ್ಬರನ್ನೂ ಒಂದೇ ಪಟ್ಟಿಯಡಿ, ಒಂದೇ ಹೆಸರಿನಿಂದ ಕರೆಯುವುದು ನ್ಯಾಯವೆನಿಸುವುದಿಲ್ಲ. 'ಉದ್ದೀಪನ ಮದ್ದು ಸೇವಿಸಿದವಳು' ಎಂಬ ಮಾತು ಕೇಳಿದವನ ಮನಸ್ಸಿನಲ್ಲಿ ಮೂಡುವ ಚಿತ್ರ ವಂಚಕಿಯದು. ವಂಚನೆ ಮಾಡದವಳ ಮೇಲೆ ವಂಚನೆಯ ಹಣೆಪಟ್ಟಿ ಹಚ್ಚುವುದು ಕೂಡ ಸಹಮಾನವಳ ಹಕ್ಕಿನ ಮೇಲಿನ ಆಕ್ರಮಣವೇ ಅಲ್ಲವೇ? ಮಾನವೂ ಒಂದು ಸೊತ್ತು.

ಆದರೆ ಇಲ್ಲಿಂದ ಎರಡನೇ ಪಕ್ಷದವರು ನೆಗೆಯುವ ನೆಗೆತವನ್ನು ನಾವು ನೆಗೆಯಲಾರೆವು. ವಂಚನೆಯಲ್ಲ, ಆದ್ದರಿಂದ ತಪ್ಪೇ ಅಲ್ಲ ಎಂಬ ವಾದ ಆಧುನಿಕ ಮನಸ್ಸಿಗೆ ಬಹಳ ಪ್ರಿಯವಾದುದು. ಇನ್ನೊಬ್ಬನಿಗೆ ಹಾನಿಯಾಗದ ಯಾವುದೂ ತಪ್ಪಲ್ಲವೆಂಬ ತತ್ವದ ಮೇಲೆ ಅದು ನಿಂತಿದೆ. ಆ ತತ್ವ ಮನುಷ್ಯನನ್ನು ತನ್ನ ದೇಹದ ಸಂಪೂರ್ಣ ಒಡೆಯನೆಂದು ಭಾವಿಸುತ್ತದೆ. ದೇಹ ಮತ್ತು ಬುದ್ಧಿ ಅಲ್ಲಾಹನು ವಹಿಸಿಕೊಟ್ಟ ಅಮಾನತ್ತುಗಳೆಂದು ನಂಬುವವನಿಗೆ, ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗೆ, ತನ್ನನ್ನು ತಾನೇ ಕೆಡಿಸಿಕೊಳ್ಳುವುದು 'ಖಾಸಗಿ ವಿಷಯ'ವಾಗಿ ಉಳಿಯುವುದಿಲ್ಲ. ಬುದ್ಧಿಯ ರಕ್ಷಣೆಯು ಶರೀಅತ್ತಿನ ಮೂಲ ಉದ್ದೇಶಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸಿದ್ದಾರೆ. ದುಃಖ ಬಂದಾಗ ಆ ದುಃಖವನ್ನು ಅನುಭವಿಸಬೇಕಾದ ಬುದ್ಧಿಯನ್ನೇ ಆರಿಸಿಬಿಡುವುದು ದುಃಖಕ್ಕೆ ಪರಿಹಾರವಲ್ಲ. ಮರುದಿನ ಬೆಳಿಗ್ಗೆ ತಾಯಿ ಎದ್ದು ಬರುವುದಿಲ್ಲ.

ಇನ್ನೂ ಒಂದು ಮಾತಿದೆ. ಸ್ಪರ್ಧೆಗೆ ಇಳಿಯುವ ಕ್ರೀಡಾಳು ಅದರ ನಿಯಮಗಳನ್ನು ಪಾಲಿಸುವೆನೆಂದು ಒಪ್ಪಿಯೇ ಇಳಿದಿರುತ್ತಾಳೆ. ಅದು ಕರಾರು. ಕರಾರಿನ ಒಂದು ಷರತ್ತು ನಮಗೆ ಅರ್ಥಹೀನವಾಗಿ ಕಂಡರೆ ಒಪ್ಪುವ ಮೊದಲೇ ಹೇಳಬೇಕು, ಇಲ್ಲವೇ ಬದಲಾಯಿಸಲು ಹೋರಾಡಬೇಕು, ಗುಟ್ಟಾಗಿ ಮುರಿಯುವಂತಿಲ್ಲ. ರಿಚರ್ಡ್‌ಸನ್ ತನ್ನ ಮೇಲೆ ಹೊತ್ತುಕೊಂಡದ್ದು ಈ ಹೊಣೆಯನ್ನೇ.

ಕ್ರೀಡಾಂಗಣದಲ್ಲಿ ಹೊಸದಾಗಿ ಕಾಣುವ ಈ ಚರ್ಚೆ ನಮ್ಮ ಕರ್ಮಶಾಸ್ತ್ರಕ್ಕೆ ಹೊಸತಲ್ಲ. ಕುರ್‌ಆನಿನಲ್ಲಿ ಮದ್ಯದ ಹೆಸರಿದೆ, ಹಶೀಶಿನ ಹೆಸರಿಲ್ಲ. ಅರಬ್ ನಾಡುಗಳಲ್ಲಿ ಅದು ವ್ಯಾಪಕವಾಗಿ ಹಬ್ಬಿದ್ದು ಹಿಜರಿಯ ಆರು-ಏಳನೇ ಶತಮಾನಗಳ ಹೊತ್ತಿಗೆ. ಆಗ ವಿದ್ವಾಂಸರು ಅದನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಬಿರುಸಾಗಿ ವಾದಿಸಿದರು. ಕ್ರಿ.ಶ. 1285ರಲ್ಲಿ ನಿಧನರಾದ ಈಜಿಪ್ಟಿನ ಮಾಲಿಕೀ ವಿದ್ವಾಂಸ ಇಮಾಮ್ ಕರಾಫಿ ಇದನ್ನು ಬಹಳ ಸೂಕ್ಷ್ಮವಾಗಿ ನೋಡಿದರು. ಮದ್ಯ ಕುಡಿದವನಲ್ಲಿ ಉನ್ಮಾದ, ಹುಂಬ ಧೈರ್ಯ, ಜಗಳಗಂಟಿತನ ಕಾಣುತ್ತದೆ. ಹಶೀಶ್ ತಿಂದವನು ಮಂಕಾಗಿ ಬಿದ್ದಿರುತ್ತಾನೆ. ಆದ್ದರಿಂದ ಅದು ಮದ್ಯದಂತೆ 'ಮುಸ್ಕಿರ್' ಅಲ್ಲ, ಬುದ್ಧಿಯನ್ನು ಕೆಡಿಸುವ 'ಮುಫ್ಸಿದ್' ಎಂದು ಅವರು ತೀರ್ಮಾನಿಸಿದರು. ತಪ್ಪು ತಪ್ಪೇ; ಆದರೆ ಶಿಕ್ಷೆ ಮದ್ಯಪಾನದ ನಿಗದಿತ 'ಹದ್ದ್' ಅಲ್ಲ, ನ್ಯಾಯಾಧೀಶನು ವ್ಯಕ್ತಿ ಮತ್ತು ಸಂದರ್ಭವನ್ನು ನೋಡಿ ನಿರ್ಧರಿಸುವ 'ತಅ್‌ಝೀರ್'. 1328ರಲ್ಲಿ ದಮಸ್ಕಸ್‌ನಲ್ಲಿ ನಿಧನರಾದ ಇಮಾಮ್ ಇಬ್ನು ತೈಮಿಯ್ಯ ಇದನ್ನು ಒಪ್ಪಲಿಲ್ಲ. ಅವರ ದೃಷ್ಟಿಯಲ್ಲಿ ಅದೂ ಮದ್ಯದಂತೆಯೇ, ಶಿಕ್ಷೆಯೂ ಅದೇ. ಅದೇ ಶತಮಾನದ ಕೊನೆಯಲ್ಲಿ ಕೈರೋದ ಝರ್ಕಶಿ ಈ ಒಂದೇ ವಿಷಯದ ಮೇಲೆ ಪ್ರತ್ಯೇಕ ಗ್ರಂಥ ಬರೆದರು. ಅಂದಿನ ಮುಸ್ಲಿಮ್ ನಗರಗಳಲ್ಲಿ ಹಶೀಶ್ ತಿನ್ನುವವರಿಗೆ ಕೊರತೆ ಇರಲಿಲ್ಲವೆಂಬುದಕ್ಕೂ ಇದೇ ಪುರಾವೆ. ಅಮಲು ಪಾಶ್ಚಾತ್ಯರ ರೋಗ ಮಾತ್ರ ಎಂದು ಎದೆಯುಬ್ಬಿಸುವವರು ಇದನ್ನು ಗಮನಿಸಲಿ.

ಧೈರ್ಯ ಕೊಡುತ್ತದೆಯೋ ಮಂಕು ಕವಿಸುತ್ತದೆಯೋ ಎಂಬ ಪ್ರಶ್ನೆಯನ್ನು ಏಳು ಶತಮಾನಗಳ ಹಿಂದೆ ನಮ್ಮ ವಿದ್ವಾಂಸರು ಕೇಳಿದ್ದರು, ಇಂದು ವಾಡಾದ ತಜ್ಞರು ಕೇಳುತ್ತಿದ್ದಾರೆ. ಅಷ್ಟೇ ಅಲ್ಲ, ಉತ್ತರವೂ ಕರಾಫಿಯವರ ದಾರಿಯಲ್ಲೇ ಸಾಗಿರುವುದು ಕುತೂಹಲಕರ. 2021ರಿಂದ ಜಾರಿಗೆ ಬಂದ ಸಂಹಿತೆಯಲ್ಲಿ ಗಾಂಜಾ, ಕೊಕೇನ್, ಹೆರಾಯಿನ್ ಮುಂತಾದವುಗಳಿಗೆ ಬೇರೆಯೇ ಒಂದು ವರ್ಗ ಮಾಡಲಾಗಿದೆ. ಸ್ಪರ್ಧೆಯ ಸಮಯದ ಹೊರಗೆ, ಕ್ರೀಡೆಗೆ ಸಂಬಂಧವಿಲ್ಲದ ಕಾರಣಕ್ಕೆ ಸೇವಿಸಿದ್ದೆಂದು ತೋರಿಸಿದರೆ ನಿಷೇಧ ಮೂರು ತಿಂಗಳು. ಚಿಕಿತ್ಸಾ ಕಾರ್ಯಕ್ರಮವನ್ನು ಪೂರೈಸಿದರೆ ಒಂದೇ ತಿಂಗಳು. ಸ್ಟೆರಾಯ್ಡ್ ವಂಚಕರಿಗೆ ವರ್ಷಗಟ್ಟಲೆ ನಿಷೇಧವಿದೆ. ರಿಚರ್ಡ್‌ಸನ್‌ಗೆ ಒಂದು ತಿಂಗಳಾದದ್ದು ಈ ನಿಯಮದಿಂದಲೇ. ಹೆಸರು ಹಳೆಯದಾದರೂ ಶಿಕ್ಷೆಯಲ್ಲಿ ಭೇದ ಬಂದಿದೆ.

ಆದರೂ ಈ ನಿಯಮದ ಹೊಟ್ಟೆಯೊಳಗೆ ಒಂದು ವಿಚಿತ್ರವಿದೆ. ಗಾಂಜಾ ನಿಷಿದ್ಧವಾಗಿರುವುದು ಸ್ಪರ್ಧೆಯ ಅವಧಿಯಲ್ಲಿ ಮಾತ್ರ. ಆ ಅವಧಿ ಸಾಮಾನ್ಯವಾಗಿ ಸ್ಪರ್ಧೆಯ ಹಿಂದಿನ ದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ ಆರಂಭ. ಅದಕ್ಕೆ ಮೊದಲು ಸೇದಿದರೆ ಸಂಸ್ಥೆಗೆ ಸಂಬಂಧವಿಲ್ಲ. ಆದರೆ ದೇಹ ಗಡಿಯಾರ ನೋಡುವುದಿಲ್ಲ. ಟಿ.ಎಚ್.ಸಿ. ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ನಿತ್ಯ ಸೇದುವವನ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ ಉಳಿಯುತ್ತದೆ. ಅಮಲು ಇಳಿದು ಎಷ್ಟೋ ದಿನವಾದವನೂ ಸಿಕ್ಕಿಬೀಳಬಹುದು. ಇದನ್ನು ತಪ್ಪಿಸಲೆಂದೇ 2013ರಲ್ಲಿ ಮಿತಿಯನ್ನು ಒಂದು ಮಿಲಿಲೀಟರಿಗೆ 15 ನ್ಯಾನೋಗ್ರಾಂನಿಂದ 150ಕ್ಕೆ ಏರಿಸಲಾಯಿತು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಕ್ರೀಡೆಯ ಮೊದಲ ಚಿನ್ನ ಗೆದ್ದ ಕೆನಡಾದ ರಾಸ್ ರೆಬಗ್ಲಿಯಾಟಿಯ ಮೂತ್ರದಲ್ಲಿದ್ದುದು 17.8 ನ್ಯಾನೋಗ್ರಾಂ. ಆಗ ಪದಕ ಕಿತ್ತುಕೊಂಡರು. ಗಾಂಜಾ ನಿಷೇಧ ನಿಯಮದಲ್ಲಿ ಸರಿಯಾಗಿ ಸೇರಿಲ್ಲವೆಂದು ಕ್ರೀಡಾ ನ್ಯಾಯಮಂಡಳಿ ಹೇಳಿದ ಮೇಲೆ ಹಿಂತಿರುಗಿಸಿದರು. ಇಂದಾದರೆ ಆ ಪ್ರಮಾಣಕ್ಕೆ ಯಾರೂ ಕೇಳುವುದೇ ಇಲ್ಲ. ರಿಚರ್ಡ್‌ಸನ್ ವಿಷಯದಲ್ಲಾದರೋ, ಆಕೆ ಸೇದಿದ್ದು ಸ್ಪರ್ಧೆಯ ಅವಧಿಯ ಹೊರಗೆ ಎಂದು ಅಮೆರಿಕದ ಸಂಸ್ಥೆಯೇ ಒಪ್ಪಿತ್ತು. ಹಾಗಿದ್ದರೂ ಕುರುಹು ಉಳಿದಿತ್ತು.

ಮದ್ಯನಿಷೇಧದ ಚರಿತ್ರೆಯನ್ನು ಬಲ್ಲ ಓದುಗರಿಗೆ ಇಲ್ಲೊಂದು ಹೋಲಿಕೆ ಹೊಳೆದಿರಬಹುದು. ಕುರ್‌ಆನ್ ಮದ್ಯವನ್ನು ಒಮ್ಮೆಲೇ ನಿಷೇಧಿಸಲಿಲ್ಲ. ಮೊದಲು, ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿದ್ದರೂ ಕೇಡೇ ಹೆಚ್ಚೆಂದು ತಿಳಿಸಿತು. ಬಳಿಕ, ಅಮಲಿನಲ್ಲಿರುವಾಗ ನಮಾಝಿನ ಬಳಿಗೆ ಬರಬಾರದೆಂದಿತು. ಕೊನೆಗೆ ಪೂರ್ತಿಯಾಗಿ ತೊರೆಯಲು ಆಜ್ಞಾಪಿಸಿತು. ಕ್ರೀಡಾ ಜಗತ್ತಿನ ನಿಯಮ ಎರಡನೆಯ ಮೆಟ್ಟಿಲನ್ನು ಹೋಲುತ್ತದೆ. ಪವಿತ್ರ ಹೊತ್ತಿನಲ್ಲಿ ಅಮಲು ಬೇಡ, ಉಳಿದಂತೆ ನಿನ್ನಿಷ್ಟ. ವ್ಯತ್ಯಾಸವೆಂದರೆ ನಮಾಝ್ ದಿನಕ್ಕೆ ಐದು ಹೊತ್ತು. ಆ ಮೆಟ್ಟಿಲಿನಲ್ಲಿ ನಿಂತವನಿಗೆ ಕುಡಿಯಲು ಸಮಯವೇ ಉಳಿಯುತ್ತಿರಲಿಲ್ಲ, ತಾನಾಗಿ ಮೂರನೆಯದಕ್ಕೆ ಸಿದ್ಧನಾಗುತ್ತಿದ್ದ. ಸ್ಪರ್ಧೆ ಬರುವುದು ವರ್ಷಕ್ಕೆ ಕೆಲವೇ ಬಾರಿ. ನಡುವಿನ ದಿನಗಳಲ್ಲಿ ಕ್ರೀಡಾಳು ಕಲಿಯುವುದು ಅಮಲನ್ನು ತೊರೆಯುವುದನ್ನಲ್ಲ, ದಿನ ಎಣಿಸುವುದನ್ನು. ಪ್ರಯೋಗಾಲಯಕ್ಕೆ ಹೆದರಿ ಬಿಟ್ಟವನು ಪ್ರಯೋಗಾಲಯ ಇಲ್ಲದಲ್ಲಿ ಬಿಡಲಾರ.

ಆದರ್ಶದ ಮಾತಿಗೆ ಬಂದರೆ ಸಂಸ್ಥೆಗಳ ಕೈ ಇನ್ನಷ್ಟು ನಡುಗುತ್ತದೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಗಾಂಜಾ ಸೇದುವ ಕೊಳವೆಗೆ ಬಾಯಿಟ್ಟ ಚಿತ್ರವೊಂದು 2009ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಪರೀಕ್ಷೆಯಲ್ಲೂ ಆತ ಸಿಕ್ಕಿಬಿದ್ದಿರಲಿಲ್ಲ. ಆದರೂ ಮೂರು ತಿಂಗಳ ಅಮಾನತು, ಜಾಹೀರಾತು ಒಪ್ಪಂದದ ನಷ್ಟ. ಮಕ್ಕಳಿಗೆ ಕೆಟ್ಟ ಮಾದರಿಯಾಗುತ್ತಾನೆಂಬ ಕಳವಳ ಪ್ರಾಮಾಣಿಕವಾದುದಾದರೆ ಅದನ್ನು ಗೌರವಿಸೋಣ. ಆದರೆ ಅದೇ ಕಳವಳ ಮದ್ಯದ ವಿಷಯದಲ್ಲಿ ಏಕೆ ಮಾಯವಾಗುತ್ತದೆ? ಬಿಲ್ಲುಗಾರಿಕೆಯಂತಹ ಕೆಲವೇ ಕ್ರೀಡೆಗಳಲ್ಲಿ ನಿಷಿದ್ಧವಾಗಿದ್ದ ಮದ್ಯವನ್ನು 2018ರಲ್ಲಿ ವಾಡಾ ತನ್ನ ಪಟ್ಟಿಯಿಂದಲೇ ಕೈಬಿಟ್ಟಿತು. 2024ರಲ್ಲಿ ಒಂದು ಬಿಯರ್ ಕಂಪೆನಿ ಒಲಿಂಪಿಕ್ಸ್‌ನ ಜಾಗತಿಕ ಪ್ರಾಯೋಜಕನಾಯಿತು; ಮದ್ಯಾಂಶವಿಲ್ಲದ ಬಿಯರನ್ನು ಮುಂದಿಟ್ಟುಕೊಂಡು, ಅಷ್ಟೇ. ದೂರವೇಕೆ, ಬೆಂಗಳೂರಿನ ಐ.ಪಿ.ಎಲ್. ತಂಡ 2008ರಲ್ಲಿ ಹುಟ್ಟಿದಾಗ ಅದಕ್ಕೆ ಹೆಸರು ಬಂದದ್ದು ಒಂದು ವಿಸ್ಕಿಯಿಂದ. ಮದ್ಯದ ಹೆಸರನ್ನು ಎದೆಯ ಮೇಲೆ ಧರಿಸಿದ ಮಕ್ಕಳು ಬೀದಿಯಲ್ಲಿ ಆಡುವಾಗ ಕೆಟ್ಟ ಮಾದರಿಯ ಮಾತು ಯಾರ ನಾಲಗೆಗೂ ಬರುವುದಿಲ್ಲ. ದಕ್ಷಿಣ ಆಫ್ರಿಕದ ಬ್ಯಾಟ್ಸ್‌ಮನ್ ಹಾಶಿಮ್ ಆಮ್ಲಾ ತನ್ನ ತಂಡದ ಪ್ರಾಯೋಜಕನಾಗಿದ್ದ ಬಿಯರ್ ಕಂಪೆನಿಯ ಗುರುತನ್ನು ಅಂಗಿಯ ಮೇಲೆ ಧರಿಸಲು ಒಪ್ಪದೆ, ಮಂಡಳಿಯಿಂದ ವಿನಾಯಿತಿ ಪಡೆದು ಆಡಿದರು. ಯಾವ ಪರೀಕ್ಷೆಯೂ ಅದನ್ನು ಅವರಿಂದ ಕೇಳಿರಲಿಲ್ಲ. ಅಂಗಿಯ ಆ ಖಾಲಿ ಜಾಗದೊಂದಿಗೇ ಅವರು ಟೆಸ್ಟ್ ಪಂದ್ಯದಲ್ಲಿ ಔಟಾಗದೆ 311 ರನ್ ಹೊಡೆದರು.

ನಮ್ಮ ದೇಶದಲ್ಲಿ ಗೊಂದಲ ಇನ್ನೂ ಒಂದು ಪಟ್ಟು ಹೆಚ್ಚು. 1985ರ ಮಾದಕ ದ್ರವ್ಯ ಕಾಯ್ದೆ ಚರಸ್ ಮತ್ತು ಗಾಂಜಾದ ಹೂತುದಿಗಳನ್ನು ನಿಷೇಧಿಸುತ್ತದೆ. ಬರಿಯ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹೀಗಾಗಿ ಎಲೆಯಿಂದ ಮಾಡುವ ಭಂಗಿ ಕೇಂದ್ರ ಕಾಯ್ದೆಯ ಹಿಡಿತದ ಹೊರಗಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಇದನ್ನೇ ಹೇಳಿತು. ಉತ್ತರ ಭಾರತದ ಕೆಲವು ಅಖಾಡಗಳಲ್ಲಿ ಭಂಗಿ ಬೆರೆಸಿದ ಥಂಡಾಯಿಯ ರೂಢಿ ಹಳೆಯದು. ಅದನ್ನು ಕುಡಿದ ಪೈಲ್ವಾನ ಪೊಲೀಸರಿಗೆ ಹೆದರಬೇಕಾಗಿಲ್ಲ, ಆದರೆ ಪರೀಕ್ಷೆಯ ಶೀಶೆಗೆ ಹೆದರಬೇಕು. ಎಲೆಯೋ ಹೂವೋ ಎಂಬುದು ಮೂತ್ರಕ್ಕೆ ತಿಳಿಯದು. ಕಾನೂನು ಒಂದು ಗೆರೆ ಎಳೆದಿದೆ, ವಾಡಾ ಇನ್ನೊಂದು, ರೂಢಿ ಮತ್ತೊಂದು. ಈ ಮೂರರ ನಡುವೆ ನಿಂತ ಹದಿನೆಂಟರ ಹುಡುಗನಿಗೆ 'ಏಕೆ ಬೇಡ' ಎಂಬುದನ್ನು ವಿವರಿಸುವವರಿಲ್ಲದಿದ್ದರೆ ಅವನು ಕೇಳಿ ತಿಳಿಯುವುದು 'ಸಿಕ್ಕಿಬೀಳಬೇಡ' ಎಂಬುದನ್ನು ಮಾತ್ರ.

ಅಮೆರಿಕದ ವೃತ್ತಿಪರ ಕ್ರೀಡೆಗಳು ಈ ತೊಡಕಿನಿಂದ ಸುಲಭದ ದಾರಿ ಕಂಡುಕೊಂಡಿವೆ. ಬೇಸ್‌ಬಾಲ್ 2019ರಲ್ಲಿ, ಬಾಸ್ಕೆಟ್‌ಬಾಲ್ 2023ರಲ್ಲಿ ಗಾಂಜಾವನ್ನು ತಮ್ಮ ನಿಷೇಧದ ಪಟ್ಟಿಯಿಂದ ತೆಗೆದುವು. ವಂಚನೆಯಲ್ಲದ್ದನ್ನು ವಂಚನೆಯೆಂದು ಶಿಕ್ಷಿಸುವುದನ್ನು ನಿಲ್ಲಿಸಿದ ಮಟ್ಟಿಗೆ ಅದು ಸರಿ ಎಂದೇ ನಮ್ಮ ಅಭಿಪ್ರಾಯ. ಆದರೆ ಪಟ್ಟಿಯಿಂದ ತೆಗೆದದ್ದು ಅನುಮತಿಯಂತೆಯೂ, ಅನುಮತಿ ಪ್ರೋತ್ಸಾಹದಂತೆಯೂ ಕೇಳಿಸಲು ಹೆಚ್ಚು ದಿನ ಬೇಡ. ಗಾಂಜಾ ವ್ಯಾಪಾರಿಗಳು ಈಗಾಗಲೇ ಆಟಗಾರರ ಬೆನ್ನ ಹಿಂದೆ ನಿಂತಿದ್ದಾರೆ. ಶಿಕ್ಷೆ ಹಿಂದೆ ಸರಿದ ಜಾಗದಲ್ಲಿ ಬೇರೇನಾದರೂ ಬಂದು ನಿಲ್ಲಬೇಕು. ಏನು ಎಂಬುದನ್ನು ಯೂಜೀನ್‌ನ ಘಟನೆಯೇ ಸೂಚಿಸುತ್ತದೆ.

ಪ್ರವಾದಿ(ಸ)ರ ಸಂಗಾತಿ ಜಅ್‌ಫರ್(ರ) ಯುದ್ಧದಲ್ಲಿ ಹುತಾತ್ಮರಾದ ಸುದ್ದಿ ಬಂದಾಗ, ಆ ಮನೆಯವರಿಗೆ ಅಡಿಗೆ ಮಾಡಿ ಕಳಿಸುವಂತೆ ಪ್ರವಾದಿ(ಸ) ಹೇಳಿದರು. ಅಡಿಗೆಯ ಕಡೆ ಗಮನ ಕೊಡಲಾರದ ಸ್ಥಿತಿಯಲ್ಲಿ ಅವರಿದ್ದರು. ಇಂದಿಗೂ ನಮ್ಮ ಊರುಗಳಲ್ಲಿ ಸಾವಿನ ಮನೆಗೆ ಊಟ ಬರುವುದು ಪಕ್ಕದ ಮನೆಯಿಂದ. ದುಃಖದ ಮೊದಲ ದಿನಗಳಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡಬಾರದೆಂಬ ತಿಳಿವಳಿಕೆ ಇದರ ಹಿಂದಿದೆ. ಹುಟ್ಟೂರು ಡಲ್ಲಾಸ್‌ನಿಂದ ಬಹುದೂರದ ಊರಿನಲ್ಲಿ, ಬದುಕಿನ ಅತಿ ಮುಖ್ಯ ಓಟದ ಹೊಸ್ತಿಲಲ್ಲಿ ಆ ಹುಡುಗಿಗೆ ಸಿಕ್ಕಿದ್ದು ಧ್ವನಿಮುದ್ರಕ ಹಿಡಿದು ಕುಳಿತಿದ್ದ ಅಪರಿಚಿತ. ಸಂಹಿತೆಯಲ್ಲಿರುವ ಚಿಕಿತ್ಸೆ, ಸಾಂತ್ವನ, ಸಲಹೆ ಇವೆಲ್ಲ ಬಂದದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ.

ಎರಡು ವರ್ಷಗಳ ನಂತರ, 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್ ವಿಶ್ವ ಕೂಟದಲ್ಲಿ ಒಂಬತ್ತನೇ ಸಾಲಿನ ಅಂಚಿನಿಂದ ಓಡಿ, 10.65 ಸೆಕೆಂಡುಗಳಲ್ಲಿ ಆಕೆ ವಿಶ್ವ ಚಾಂಪಿಯನ್ ಆದಳು. ಹಾಗೆ ಎದ್ದು ಬರಲು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ನಮ್ಮ ಕ್ರೀಡಾ ಹಾಸ್ಟೆಲುಗಳಲ್ಲಿ, ಕಬಡ್ಡಿ ಮತ್ತು ಫುಟ್‌ಬಾಲ್ ಶಿಬಿರಗಳಲ್ಲಿ ಮನೆಯಿಂದ ದೂರವಿರುವ ಹುಡುಗರಿದ್ದಾರೆ. ಅವರ ತೂಕ, ಓಟದ ವೇಗ, ಮೂತ್ರದ ಮಾದರಿ ಎಲ್ಲಕ್ಕೂ ದಾಖಲೆಯಿದೆ. ಊರಿನಿಂದ ಕೆಟ್ಟ ಸುದ್ದಿ ಬಂದ ರಾತ್ರಿ ಅವರು ಯಾರ ಕೋಣೆಯ ಬಾಗಿಲು ತಟ್ಟಬೇಕೆಂಬುದನ್ನು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.